ಸೋಮವಾರ ಸೋರುವ ಮೋಟಾರು

ನನ್ನ ಸೋದರಮಾವನಿಗೆ ತೊಗರಿ ವ್ಯಾಪಾರ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಆದರೂ ತನಗೆ ತಿಳಿಯದ್ದು ಲೋಕದಲ್ಲಿ ಇಲ್ಲವೇ ಇಲ್ಲ ಎಂಬ ಮುಖ ಹೊತ್ತು ಓಣಿ ತುಂಬ ತಿರುಗುತ್ತಿದ್ದ. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಕಲಬುರಗಿಯ ಮೋಟಾರುಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಸೊಲ್ಲಾಪುರದಲ್ಲಿ ಯಾರೋ ಓಡಿಸಿ ಓಡಿಸಿ ಬೇಸತ್ತು ಮಾರಿದ ವ್ಯಾನೊಂದನ್ನು ಅವನು ತಂದು, ಮದುವೆಯ ಕುದುರೆಯಂತೆ ಮನೆಯ ಅಂಗಳದಲ್ಲಿ ನಿಲ್ಲಿಸಿದ. ಬೆಳಿಗ್ಗೆ ಕಮಲಾಪುರಕ್ಕೆ ಜನ, ಸಂಜೆ ಅಲ್ಲಿಂದ ಜನ ಮತ್ತು ಕೆಂಪು ಬಾಳೆಗೊನೆ. ಸೊಲ್ಲಾಪುರದ ಗ್ಯಾರೇಜಿನಲ್ಲಿ ಎರಡು ವರ್ಷ ಕೈ ಮಸಿ ಮಾಡಿಕೊಂಡಿದ್ದ ನಾನೇ ಡ್ರೈವರ್. ಅಪ್ಪ ಅವ್ವ ತೀರಿದ ಮೇಲೆ ನಾನೂ ನನ್ನ ವಿಧವೆ ಅಕ್ಕನೂ ಮಾವನ ಮನೆಯಲ್ಲೇ ಇದ್ದೆವು.

ಮೂರನೆಯ ತಿಂಗಳಿಗೆ ರೇಡಿಯೇಟರ್ ಸೋರತೊಡಗಿತು. ಇಂಜಿನ್ ಕಾದು ಕೆಡದಂತೆ ಮುಂದೆ ನೀರು ತುಂಬುವ ಪೆಟ್ಟಿಗೆ ಅದು. ದಿನಾ ಸೋರಿದ್ದರೆ ಒಂದು ಹೊತ್ತಿನ ಕೆಲಸವಾಗಿತ್ತು. ಈ ದರಿದ್ರ ವ್ಯಾನು ಎರಡು ದಿನ ಸೋರಿ, ಬಳಿಕ ತಾನೇ ನಿಲ್ಲುತ್ತಿತ್ತು. ಮೊದಲು ತಿಂಗಳಿಗೊಮ್ಮೆ ಇದ್ದದ್ದು ಆಮೇಲೆ ವಾರವಾರ ಆಯಿತು. ಸೋಮವಾರ, ಮಂಗಳವಾರ ದಾರಿಯುದ್ದಕ್ಕೂ ನೀರು, ಗುರುವಾರದ ಹೊತ್ತಿಗೆ ಒಂದು ಹನಿ ಇಲ್ಲ. ಶುಕ್ರವಾರ ನಿಜಾಮರ ಕಚೇರಿಗಳಿಗೆ ರಜೆ, ನಮಗೆ ಗಿರಾಕಿಗಳಿಲ್ಲ. ಅವತ್ತು ಸೇಡಂ ರಸ್ತೆಯ ಮಿಸ್ತ್ರಿಯ ಹತ್ತಿರ ಒಯ್ಯುತ್ತಿದ್ದೆ. ಅವನು ಅಲ್ಲಿ ಇಲ್ಲಿ ಬೆರಳಾಡಿಸಿ, ಒಣಗಿದ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು ಹಲ್ಲು ಕಿರಿಯುತ್ತಿದ್ದ. ಸೋರುವ ದಿನ ಬಂದು ನೋಡಬೇಕೆಂಬ ಬುದ್ಧಿ ಆ ಮಹಾಶಯನಿಗೆ ಹೊಳೆಯಲಿಲ್ಲ. ನಾನು ರಬ್ಬರ್ ಪೈಪು ಬದಲಿಸಿದೆ, ಇದ್ದಬದ್ದ ಬೋಲ್ಟುಗಳನ್ನೆಲ್ಲ ಬಿಗಿದೆ. ಎಲ್ಲ ಸರಿಹೋಯಿತೆಂದು ಪ್ರತಿ ಸಲವೂ ಜಂಬ ಕೊಚ್ಚಿಕೊಂಡೆ.

ಮಾವನ ಉಪಾಯ ಬೇರೆ. ಅಮಾವಾಸ್ಯೆಗೊಂದು ತೆಂಗಿನಕಾಯಿ ಒಡೆಯುತ್ತಿದ್ದವನು ಸೋರಿಕೆ ಕಂಡ ಮೇಲೆ ಸೋಮವಾರಕ್ಕೂ ಒಂದು ಸೇರಿಸಿದ. ನೆಲಕ್ಕೆ ಒಡೆದರೆ ದೇವರ ಕಾಯಿಯನ್ನು ಜನ ತುಳಿಯುತ್ತಾರಂತೆ. ಅದಕ್ಕೆ ಮೋಟಾರಿನ ಮೂತಿಯ ಕೆಳಗಿನ ಕಬ್ಬಿಣದ ಪಟ್ಟಿಗೇ ಬಡಿಯುತ್ತಿದ್ದ. ಅಷ್ಟಾದರೂ ಸೋರುತ್ತದೆಂದರೆ ತಪ್ಪು ದೇವರದಲ್ಲ, ಮೋಟಾರಿನದಲ್ಲ, ತನ್ನದಂತೂ ಅಲ್ಲವೇ ಅಲ್ಲ. ಉಳಿದವಳು ಅಕ್ಕ. ಆಕೆ ನಸುಕಿನಲ್ಲಿ ಅಂಗಳದ ಬಾವಿಯಿಂದ ನೀರು ಸೇದುತ್ತಿದ್ದಳು.

"ಹೊಂಡೋ ಹೊತ್ತಿಗಿ ಇಕಿ ಎದುರು ಬಂದ್ರ ನೀರು ಹ್ಯಾಂಗ ನಿಂದರತದ?" ಎಂದ ಮಾವ, ಆಕೆಗೆ ಕೇಳಲೆಂದೇ.

ನನಗೆ ಮೈ ಉರಿಯಿತು. ಇಂಥ ಮೂಢನಿಗೆ ಬಾಯಿಂದ ಹೇಳಿ ಉಪಯೋಗವಿಲ್ಲ, ಮಾಡಿ ತೋರಿಸಬೇಕು ಎಂದುಕೊಂಡೆ. ಎಂಟು ದಿನ ಹಿಂದಿನ ಕೋಣೆಯಲ್ಲೇ ಇದ್ದುಬಿಡು, ಆಗಲೂ ಸೋರಿದರೆ ಮಾವನ ಬಾಯಿ ಮುಚ್ಚುತ್ತದೆ ಎಂದು ಅಕ್ಕನಿಗೆ ಹೇಳಿದೆ. ಆಕೆ ಬಾವಿಯ ಹಗ್ಗವನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಎಂಟು ದಿನವೂ ಒಳಗೇ ಕುಳಿತಳು.

ಸೋಮವಾರ ಎಂದಿನಂತೆ ಸೋರಿತು. ಗೆದ್ದೆನೆಂದು ಮಾವನ ಮುಂದೆ ಹೋಗಿ ನಿಂತೆ. ಆಕೆ ಕಿಟಕಿಯಿಂದ ಇಣುಕಿರಬೇಕು ಎಂದ ಆ ಪುಣ್ಯಾತ್ಮ. ಮುಂದಿನ ಸೋಮವಾರವೇ ಆಕೆಯನ್ನು ಕಮಲಾಪುರದ ತನ್ನ ಬಾಳೆತೋಟಕ್ಕೆ ಸಾಗಿಸಬೇಕು, ಇನ್ನು ಅಲ್ಲಿನ ಗುಡಿಸಲೇ ಆಕೆಯ ಮನೆ ಎಂದು ತೀರ್ಪು ಕೊಟ್ಟ. ನಾನು ಎಷ್ಟು ಕೂಗಾಡಿದರೂ ಕೇಳಲಿಲ್ಲ. ಹುಟ್ಟಿದ ಊರು, ಬಳಗ ಎಲ್ಲ ಬಿಟ್ಟು ಅಕ್ಕ ಒಂದು ಗಂಟು ಹಿಡಿದು ವ್ಯಾನು ಹತ್ತಿದಳು. ಮಾವ ಅವತ್ತು ಎರಡು ಕಾಯಿ ಒಡೆದ.

ಕಮಲಾಪುರ ಇನ್ನೂ ಎರಡು ಹರದಾರಿ ಇರುವಾಗ ಏರಿನಲ್ಲಿ ಬುಸ್ಸೆಂದು ಹಬೆ ಎದ್ದಿತು. ಉಳಿದ ಪ್ರಯಾಣಿಕರು ಗೊಣಗುತ್ತ ಬೇವಿನ ನೆರಳಿಗೆ ಹೋದರು. ನಾನು ಅಂಗಾತ ಮಲಗಿ ವ್ಯಾನಿನ ಕೆಳಗೆ ಜರುಗಿದೆ. ರೇಡಿಯೇಟರ್ ತಳದ ಬೆಸುಗೆ ಆ ಕಬ್ಬಿಣದ ಪಟ್ಟಿಗೆ ತಾಗಿಕೊಂಡೇ ಇತ್ತು. ಪಟ್ಟಿಯ ಮೇಲೆ ಕಾಯಿ ಬಡಿದ ಗುರುತುಗಳು, ಸಂದಿನಲ್ಲಿ ತೆಂಗಿನ ನಾರು. ಬೆಸುಗೆಯ ಬಿರುಕಿಗೆ ಹತ್ತಿದ್ದ ಸುಣ್ಣದಂಥ ಬಿಳಿ ಪದರು ಆಗಷ್ಟೇ ಒಡೆದಿತ್ತು. ನಮ್ಮ ಬಾವಿಯ ಗಡಸು ನೀರು ಎರಡು ಮೂರು ದಿನದಲ್ಲಿ ಬಿರುಕಿಗೆ ಸುಣ್ಣ ಕಟ್ಟಿ ತಾನೇ ಮುಚ್ಚುತ್ತಿತ್ತು. ಮಾವ ಸೋಮವಾರ ಭಕ್ತಿಯಿಂದ ಬಡಿದು ಮತ್ತೆ ಬಿಡಿಸುತ್ತಿದ್ದ.

ಬಿರುಕಿಗೆ ಸಾಬೂನು ಮೆತ್ತಿ ಎದ್ದೆ. ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿ, ಮಾವನನ್ನು ಬಾಯಿಗೆ ಬಂದಂತೆ ಬೈದು, ಈಗಲೇ ತಿರುಗಿ ಹೋಗೋಣ, ಓಣಿಯ ಜನರ ಎದುರೇ ಅವನ ಮರ್ಯಾದೆ ತೆಗೆಯುತ್ತೇನೆ ಎಂದೆ. ಆಕೆಯ ಮುಖ ಅರಳಲಿಲ್ಲ.

"ಕಾಯಿ ಒಡದಿದ್ಕ ಸೋರತದಂತ ನಿನಗ ಇವತ್ತ ಗೊತ್ತಾತು," ಎಂದಳು. "ನನ್ನಿಂದ ಸೋರಂಗಿಲ್ಲ ಅಂಬೋದು ಮೊದಲೇ ಗೊತ್ತಿತ್ತಲ್ಲ ತಮ್ಮಾ. ಗೊತ್ತಿದ್ದೂ ಎಂಟು ದಿನ ಒಳಗ ಕುಂದ್ರಿಸಿದಿ. ಮೋಟಾರು ನಡಸು, ತೋಟಕ್ಕ ಹೋಗೂನು."

ನೀರು ತುಂಬಿ, ನೆರಳಲ್ಲಿದ್ದವರನ್ನು ಕರೆದು ವ್ಯಾನು ನಡೆಸಿದೆ. ಆಕೆಯನ್ನು ತೋಟದಲ್ಲಿ ಇಳಿಸಿದೆ.

ಊರಿಗೆ ಬಂದು ಬೆಸುಗೆ ಹಾಕಿಸಿದೆ. ಮಾವನ ಮೇಲೆ ಹರಿಹಾಯ್ದು, ಕಾಯಿಯನ್ನು ಕಲ್ಲಿನ ಮೇಲೆ ಒಡೆಯುವಂತೆ ಮಾಡಿದೆ. ಮತ್ತೆ ಒಂದು ಹನಿಯೂ ಸೋರಲಿಲ್ಲ. ಆದರೆ ಅಕ್ಕ ಮನೆ ಬಿಟ್ಟದ್ದೂ ಸೋರಿಕೆ ನಿಂತದ್ದೂ ಒಂದೇ ವಾರ. ಮಾವನಿಗೆ ಇನ್ನೇನು ಬೇಕು? ತಾನು ಹೇಳಿದ್ದೇ ನಿಜವಾಯಿತೆಂದು ಅಂಗಡಿ ಅಂಗಡಿಗೆ ಹೋಗಿ ಸಾರಿದ, ಆ ದನದಂಥ ಜನ ಹೌದು ಹೌದು ಎಂದು ಗೋಣು ಹಾಕಿದರು.

ನನಗೆ ತಡೆಯಲಾಗಲಿಲ್ಲ. ಕಮಲಾಪುರಕ್ಕೆ ಹೋದವನೇ ನೇರ ತೋಟಕ್ಕೆ ನಡೆದೆ. ಒಂದೇ ಒಂದು ಸೋಮವಾರ ಬಂದು ಮೋಟಾರಿನ ಎದುರು ನಿಂತುಬಿಡು, ಎಲ್ಲರೂ ನೋಡಲಿ ಎಂದು ಅಕ್ಕನನ್ನು ಬೇಡಿಕೊಂಡೆ. ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು. ಮಾವನಿಗಾದರೂ ತಿಳಿವಳಿಕೆ ಇರಲಿಲ್ಲ, ನಾನು ಎಲ್ಲ ತಿಳಿದೂ ಮತ್ತೆ ಆಕೆಯನ್ನೇ ಪರೀಕ್ಷೆಗೆ ಕರೆದಿದ್ದೆ. ಅಕ್ಕ ಕಡಿದಿಟ್ಟ ಗೊನೆಗಳತ್ತ ಕೈ ತೋರಿಸಿ, ಹೊತ್ತಾಯಿತು, ವ್ಯಾನಿಗೆ ಹಾಕಿಕೊಂಡು ಹೊರಡು ಎಂದಳು.