ಬೆಳೆದ ಹೊಸ್ತಿಲು

ಕೊಟ್ಟೂರಿನ ನಮ್ಮ ಅತ್ತೆಯ ಮನೆಯಲ್ಲಿ ನಡುಮನೆಯ ಬಾಗಿಲನ್ನು ಬರಿಗೈಯಲ್ಲಿ ಮುಚ್ಚಿದವರನ್ನು ನಾನು ಕಂಡಿರಲಿಲ್ಲ. ಭುಜ ಕೊಟ್ಟು ನೂಕಬೇಕು, ಮೊಣಕಾಲು ಒತ್ತಬೇಕು, ಕೊನೆಗೆ ಅದು ನರಳುತ್ತ ಕೂರುತ್ತಿತ್ತು. ಹರಪನಹಳ್ಳಿ ಕಡೆಯಿಂದ ಸೊಸೆಯಾಗಿ ಬಂದ ನನಗೆ ಆ ಮನೆಯಲ್ಲಿ ಮೊದಲ ಹಗೆ ಆ ಬಾಗಿಲು. ಎರಡನೆಯದು ಅದರ ಹೊಸ್ತಿಲು.

ಪಡಸಾಲೆ ಊರಿನವರದು. ಯಾರು ಬೇಕಾದರೂ ಬಂದು ಕಂಬಕ್ಕೆ ಒರಗಿ ಕೂಡುತ್ತಿದ್ದರು. ನಿಜವಾದ ಮನೆ ಶುರುವಾಗುತ್ತಿದ್ದದ್ದು ನಡುಮನೆಯ ಹೊಸ್ತಿಲಿನಿಂದ. ಪ್ರತಿ ಶುಕ್ರವಾರ ಬೆಳಿಗ್ಗೆ ಅತ್ತೆ ಅದಕ್ಕೆ ಎಣ್ಣೆಯಲ್ಲಿ ಕಲಸಿದ ಅರಿಶಿಣ ಬಳಿಯುತ್ತಿದ್ದರು, ಹಬ್ಬ ಬಂದರೆ ಕೆಮ್ಮಣ್ಣು. ಉಳಿದ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟಿದವರು ಇದೊಂದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬಟ್ಟಲಿಗೆ ಕೈ ಚಾಚಿದರೆ "ನೀ ರೊಟ್ಟಿ ನೋಡು ಹೋಗು" ಅನ್ನುತ್ತಿದ್ದರು. ಎಂಟು ವರ್ಷ ಇದೇ ಕಥೆ. ನನ್ನ ಕೈ ಅಷ್ಟು ಕೀಳೇ ಎಂದು ಮೈಯೆಲ್ಲ ಉರಿಯುತ್ತಿತ್ತು. ಉರಿದಾಗ ನಾನೊಂದು ಕೆಲಸ ಮಾಡುತ್ತಿದ್ದೆ. ಪಡಸಾಲೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ಹೊಸ್ತಿಲನ್ನು ದಾಟುವ ಬದಲು ಬೇಕೆಂದೇ ತುಳಿದು ಒಳಗೆ ಹೋಗುತ್ತಿದ್ದೆ. ಅದು ಎಂಥ ತಪ್ಪು ಎಂದು ಗೊತ್ತಿದ್ದೇ ತುಳಿಯುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯ ಬೇರೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನನ್ನ ಗಂಡನಿಗೆ ಸಾಕಾಯಿತು. ಹಗರಿಬೊಮ್ಮನಹಳ್ಳಿಗೆ ಹೋಗಿ ಹೊಸ ಬಾಗಿಲು ನೋಡಿ ಬಂದರು. ಹಳೆಯದನ್ನು ಚೌಕಟ್ಟಿನ ಸಮೇತ ಕಿತ್ತು ಹಾಕಲು ಇಟ್ಟಿಗಿ ಊರಿನಿಂದ ಒಬ್ಬ ವಯಸ್ಸಾದ ಬಡಿಗನನ್ನು ಕರೆಸಿದರು. ಆತ ಬಂದವನೇ ಚೀಲ ಕೂಡ ಬಿಚ್ಚದೆ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದ. ನನ್ನಿಂದ ಒಂದು ದಬ್ಬಣ ಇಸಿದುಕೊಂಡು ಹೊಸ್ತಿಲಿಗೆ ಚುಚ್ಚಿದ. ಅದು ನಿಧಾನಕ್ಕೆ ಒಂದು ಬೆರಳು ದಪ್ಪ ಇಳಿದು, ಆಮೇಲೆ ಟಕ್ಕೆಂದು ಕಟ್ಟಿಗೆಗೆ ತಾಗಿತು.

"ಬಾಗಲಾ ಜಗ್ಗಿಲ್ರಿ ಯಜಮಾನ್ರ," ಅಂದ. "ಹೊಸ್ತಿಲು ಬೆಳದೈತಿ."

ನಮಗೆ ತಲೆಬುಡ ತಿಳಿಯಲಿಲ್ಲ. ಆತನೇ ಬಿಡಿಸಿ ಹೇಳಿದ. ಹೆಂಗಸರು ವಾರ ವಾರ ಬಳಿದ ಅರಿಶಿಣ, ಕೆಮ್ಮಣ್ಣು ಎಣ್ಣೆಯಲ್ಲಿ ಗಟ್ಟಿಯಾಗಿ ಹೊಸ್ತಿಲು ಮೇಲೆದ್ದಿತ್ತು. ಬಾಗಿಲು ತಾಗಿದಾಗಲೆಲ್ಲ ಗಂಡಸರು ಅದು ಜಗ್ಗಿದೆ ಎಂದುಕೊಂಡು ತಳ ಹೆರೆಸುತ್ತಿದ್ದರು. ಮಾವನವರು ಎರಡು ಸಲ ಹೆರೆಸಿದ್ದರಂತೆ, ಅವರಪ್ಪ ಎಷ್ಟು ಸಲವೋ. ಒಂದೇ ಮನೆಯಲ್ಲಿ ಒಬ್ಬರು ಏರಿಸುತ್ತ, ಇನ್ನೊಬ್ಬರು ಕತ್ತರಿಸುತ್ತ ಎರಡು ತಲೆಮಾರು ಕಳೆದಿದ್ದವು!

ನನಗೂ ನನ್ನ ಗಂಡನಿಗೂ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ.

"ಇದನ್ನ ಕೆರದು ತಗದ್ರ ಬಾಗಲಾ ಉಳಿತೈತ್ರಿ ಅವ್ವಾರ. ಸಾಗವಾನಿ, ಇನ್ನೂ ನೂರು ವರ್ಷ ಬರ್ತೈತಿ. ಇಲ್ಲಾಂದ್ರ ಹೊಸಾದ ಹಾಕಸ್ರಿ," ಅಂದ ಬಡಿಗ.

"ನಲವತ್ತು ವರ್ಷ ಹಚ್ಚೇನಿ," ಅಂದರು ಅತ್ತೆ. "ಅದನ್ನ ಕೆರದ ಮ್ಯಾಲ ಈ ಮನ್ಯಾಗ ನಾ ಮಾಡಿದ್ದು ಏನು ಉಳಿತೈತಿ, ಹೇಳು."

ಅಂದು ಅವರು ಊಟಕ್ಕೂ ಏಳಲಿಲ್ಲ. ಕಂಬಕ್ಕೆ ಒರಗಿ ಬಾಗಿಲನ್ನೇ ನೋಡುತ್ತ ಕೂತರು. ನನಗೆ ಮೊದಲ ಬಾರಿ ಅವರ ಮೇಲೆ ಸಿಟ್ಟು ಬರಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಹೋಗಿ ಬಡಿಗನಿಗೆ ಹೇಳಿದರು: "ತಗಿಯಪ್ಪ. ಉಳಿ ಮುಟ್ಟಸಬ್ಯಾಡ, ಅಷ್ಟ."

ಆತ ಉಳಿ ಮುಟ್ಟಿಸಲಿಲ್ಲ. ಹರಳೆಣ್ಣೆ ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ನೆನೆಸಿ ಹೊಸ್ತಿಲಿಗೆ ಹೊದಿಸುವುದು, ಮೆತ್ತಗಾದ ಮೇಲೆ ಬಿದಿರಿನ ಸೀಳಿನಿಂದ ಎಬ್ಬಿಸುವುದು. ಮೂರು ದಿನ ಇದೇ ನಡೆಯಿತು. ಎದ್ದ ಹಕ್ಕಳೆಗಳನ್ನು ಅತ್ತೆ ಮೊರದಲ್ಲಿ ಕೂಡಿಸಿಟ್ಟುಕೊಂಡರು. ಒಂದು ತುಂಡನ್ನು ಬೆಳಕಿಗೆ ಹಿಡಿದು ಅದರ ಅಂಚನ್ನು ನನಗೆ ತೋರಿಸಿದರು. ಹಳದಿ, ಕೆಂಪು, ಹಳದಿ, ಕೆಂಪು, ಕೂದಲೆಳೆಯಷ್ಟು ತೆಳುವಾದ ಪದರಗಳು. ಕೆಳಗೆ ಒಂದು ಕಡೆ ಹಳದಿಯೇ ಇರಲಿಲ್ಲ, ಬರೀ ಹೊಗೆ ಹಿಡಿದ ಕಪ್ಪು ಧೂಳು.

"ನಮ್ಮತ್ತಿ ತೀರಿಕೊಂಡ ಮ್ಯಾಲ, ನಾ ಬರೋತನಕ, ಈ ಮನ್ಯಾಗ ಹೆಣ್ಣಮಕ್ಕಳ ಇರಲಿಲ್ಲ," ಅಂದರು. "ಅದು ಆ ಕಾಲದ್ದು. ಕೆಳಗಿಂದು ಅವರದು. ಮ್ಯಾಲಿಂದು ನಂದು."

ಒಂದು ಮನೆಯ ಅಷ್ಟೂ ಶುಕ್ರವಾರಗಳು ಅವರ ಎರಡು ಬೆರಳ ನಡುವೆ ಇದ್ದವು.

ಮೂರನೆಯ ದಿನ ಮಧ್ಯಾಹ್ನ ಕಟ್ಟಿಗೆ ಕಂಡಿತು. ಉದ್ದಕ್ಕೂ ಒಂದು ಬಳ್ಳಿ, ನಡುವೆ ಕಮಲ, ಎರಡು ತುದಿಗೆ ಎರಡು ಗಿಳಿ. ಗಿಳಿಯ ಕಣ್ಣು ಸಾಸಿವೆ ಕಾಳಿನಷ್ಟು. ರೆಕ್ಕೆಯ ಒಂದೊಂದು ಗೀರೂ ನಿನ್ನೆ ಕೊರೆದಂತೆ ಚೂಪಾಗಿತ್ತು. ಬಡಿಗ ಬಿದಿರು ಕೆಳಗಿಟ್ಟು ಕೈ ಮುಗಿದ. ಆಮೇಲೆ ಹೊಸ್ತಿಲ ಮುಂದಿನ ಕಲ್ಲಿನ ಮೆಟ್ಟಿಲನ್ನು ತೋರಿಸಿದ. ಅದರ ನಡುಭಾಗ ಬೊಗಸೆ ನೀರು ನಿಲ್ಲುವಷ್ಟು ತಗ್ಗಾಗಿತ್ತು.

"ಕಲ್ಲು ಸವದೈತಿ, ಹೊಸ್ತಿಲಿಗೆ ಹಚ್ಚಿದ್ದೂ ಸವದಿಲ್ಲ, ಕಟಿಗಿನೂ ಸವದಿಲ್ಲ ನೋಡ್ರಿ," ಅಂದ. "ಇಷ್ಟು ವರ್ಷ ಎಷ್ಟು ಮಂದಿ ಬಂದು ಹೋಗ್ಯಾರ. ಇದರ ಮ್ಯಾಲ ಒಂದು ಕಾಲು ಬಿದ್ದಿಲ್ಲರಿ!"

ಜೋಳದ ಚೀಲ ಹೊತ್ತವರು, ಬಸುರಿಯರು, ಅಂಬೆಗಾಲಿಡುವುದು ಬಿಟ್ಟು ಆಗಷ್ಟೇ ನಡೆಯಲು ಕಲಿತ ಕೂಸುಗಳು, ಎಲ್ಲರೂ ಇಲ್ಲಿ ಕಾಲೆತ್ತಿದ್ದರು. ತುಳಿದವಳು ನಾನೊಬ್ಬಳೇ. ನಾನು ತಲೆ ಎತ್ತಲಿಲ್ಲ.

ಹೆರೆಸಿ ಹೆರೆಸಿ ಗಿಡ್ಡವಾಗಿದ್ದ ಬಾಗಿಲ ತಳಕ್ಕೆ ಬಡಿಗ ಒಂದು ಸಾಗವಾನಿ ಪಟ್ಟಿ ಕೂಡಿಸಿದ. ಅತ್ತೆ ಒಂದೇ ಬೆರಳಿನಿಂದ ಬಾಗಿಲು ಮುಚ್ಚಿ, ತೆಗೆದು, ಮತ್ತೆ ಮುಚ್ಚಿದರು.

ಮುಂದಿನ ಶುಕ್ರವಾರ ಅವರು ಅರಿಶಿಣದ ಬಟ್ಟಲನ್ನು ನನ್ನ ಕೈಗಿಟ್ಟರು.

"ಅತ್ತೀ, ನಾನು ಇದನ್ನ ಬೇಕಂತಲೇ ತುಳಿದೀನ್ರಿ."

"ಗೊತ್ತೈತಿ ತಗಾ," ಅಂದರು. "ಹಸಿ ಅರಿಶಿಣದಾಗ ನಿನ್ನ ಹಿಮ್ಮಡಿ ಮೂಡಿರತಿತ್ತು. ಮಂದಿ ಕಣ್ಣಿಗೆ ಬೀಳಬಾರದಂತ ಅದರ ಮ್ಯಾಲ ಮತ್ತ ಬಳೀತಿದ್ದೆ. ನಿನ್ನ ಸಿಟ್ಟು ಇಳಿದ ಮ್ಯಾಲ ಬಟ್ಟಲಾ ಕೊಟ್ರಾತು ಅಂತ ಸುಮ್ನಿದ್ದೆ."

ಬಾಗಿಲಿಗೆ ಅಡ್ಡಬಂದ ಆ ಒಂದು ಬೆರಳು ದಪ್ಪದಲ್ಲಿ ನನ್ನ ಪಾಲೂ ಇತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

"ಅಳೋದು ಸಾಕು, ಹಚ್ಚು," ಅಂದರು. "ತೆಳ್ಳಗ ಹಚ್ಚು. ಗಿಳಿ ಕಣ್ಣು ಮುಚ್ಚಬಾರದು."