ಮುಂದಿನ ಗೇಟಿನ ಹನುಮಯ್ಯ
೧೯೭೫ರ ಸುಮಾರಿನಲ್ಲಿ ಒಳಚರಂಡಿ ಇನ್‌ಸ್ಪೆಕ್ಟರ್ ಹನುಮಯ್ಯನವರ ಸೈಕಲ್ ಬೆಲ್ ಕೇಳಿದರೆ ಸಾಕು, ಹನುಮಂತನಗರದ ಸೈಟುಗಳೆಲ್ಲ ಕುಗ್ಗುತ್ತಿದ್ದವು. ಮನೆ ಬಾಡಿಗೆ ಹೇಳುವಾಗ ನಲವತ್ತು-ಅರವತ್ತು ಅಡಿ ಇದ್ದ ಸೈಟು, ಒಳಚರಂಡಿ ಸಂಪರ್ಕದ ಶುಲ್ಕ ಸೈಟಿನ ಅಳತೆಯ ಮೇಲೆ ಎಂದೊಡನೆ ಮೂವತ್ತು-ನಲವತ್ತಾಗಿಬಿಡುತ್ತಿತ್ತು. "ನಂಗೆ ದಾಕ್ಷಿಣ್ಯ ಇದೆ ಸ್ವಾಮಿ, ಈ ಟೇಪಿಗಿಲ್ಲ" ಎಂದು ನಗುತ್ತಲೇ ಅವರು ಅಳೆಯುತ್ತಿದ್ದರು. "ಕಕ್ಕಸ್ಸಿಗೆ ಇಷ್ಟೊಂದು ದುಡ್ಡೇನ್ರೀ?" ಎಂದು ಮಾಲೀಕರು ಗೊಣಗಿದರೆ, "ಒಂದ್ಸಲ ಕಟ್ಬಿಡಿ, ಮೊಮ್ಮಕ್ಕಳ ಕಾಲಕ್ಕೂ ಆಯ್ತು" ಎಂದು ಅರ್ಜಿಯನ್ನೂ ತಾವೇ ತುಂಬುತ್ತಿದ್ದರು. ಸಂಪರ್ಕ ಕೊಟ್ಟ ದಿನ ಒಳಗೆ ಒಂದು ಬಕೆಟ್ ನೀರು ಸುರಿಸಿ, ರಸ್ತೆಯ ಮ್ಯಾನ್‌ಹೋಲಿಗೆ ಕಿವಿಗೊಟ್ಟು, ಸಂಗೀತ ಕಚೇರಿಯಲ್ಲಿ ಕೂತವರಂತೆ ತಲೆದೂಗುತ್ತಿದ್ದರು. ಕಾಫಿ ಏನಿದ್ದರೂ ಆಮೇಲೆ. ಆದರೆ ಯಾರಾದರೂ, "ಕಕ್ಕಸ್ಸು ಹಿಂದ್ಗಡೆ ಇದೆ, ಗಲ್ಲಿಯಿಂದ್ಲೇ ಬಂದ್ಬಿಡಿ" ಎಂದರೆ ಮಾತ್ರ ನಗು ಮಾಯವಾಗುತ್ತಿತ್ತು. "ಮುಂದಿನ ಗೇಟ್ ತೆಗೀರಿ ಸ್ವಾಮಿ, ಅಲ್ಲಿಂದ್ಲೇ ಬರ್ತೀನಿ." ಹಿಂದಿನ ಗಲ್ಲಿಯ ಒಂದೊಂದು ಕಲ್ಲೂ ಅವರಿಗೆ ಗೊತ್ತಿತ್ತು, ಈ ಮನೆಗಳ ಮಲದ ಬಕೆಟ್ಟನ್ನು ತಲೆಯ ಮೇಲೆ ಹೊತ್ತ ತಾಯಿ ಅಣ್ಣಮ್ಮನ ಸೆರಗು ಹಿಡಿದು ಅವರು ನಡೆಯಲು ಕಲಿತದ್ದೇ ಅಲ್ಲಿ.