ಹನ್ನೊಂದು ಸಾವಿರ ಸಾಕು ಎಂದವನು ನಾನು

ಇಂದಿರಾ ಆಂಟಿಯ ಸೊಂಟ ಮುರಿದದ್ದಕ್ಕೆ, ಆಮೇಲೆ ಅವರು ಮತ್ತೆಂದೂ ತಮ್ಮ ಕಾಲ ಮೇಲೆ ನಿಲ್ಲದೇ ಹೋದದ್ದಕ್ಕೆ ಕಾರಣ ನಾನು. ಇದನ್ನು ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಬರೀ ಹೇಳದೇ ಇದ್ದಿದ್ದರೆ — ಇಲ್ಲ, ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಆ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದೆ.

ಆಂಟಿ ಮತ್ತು ಅವರ ಗಂಡ ಶ್ರೀಕಂಠ ಅಂಕಲ್ ಮೈಸೂರಿನವರು. ಅಮೆರಿಕದ ಜರ್ಮನ್‌ಟೌನ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ, ಕಾರಿಲ್ಲದ ನನ್ನನ್ನು ವಾರವಾರವೂ ದಿನಸಿ ಅಂಗಡಿಗೆ ಕರೆದೊಯ್ಯುತ್ತಿದ್ದವರು ಅಂಕಲ್. ವಾಪಸು ಬಂದಾಗ ಊಟ ಹಾಕದೆ ಕಳಿಸದವರು ಆಂಟಿ. ಆಂಟಿಗೆ ಎಂ.ಎಸ್. ಎಂಬ ನರಗಳ ಕಾಯಿಲೆಯಿತ್ತು. ತಂಪಿನಲ್ಲಿ ಕೋಲು ಹಿಡಿದು ಚೆನ್ನಾಗಿಯೇ ಓಡಾಡುತ್ತಿದ್ದರು. ಸೆಕೆ ಏರಿದರೆ ಮಾತ್ರ ಕಾಲುಗಳು ಸೋತುಬಿಡುತ್ತಿದ್ದವು. ಇದು ನನಗೆ ಗೊತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ — ಚೆನ್ನಾಗಿ ಗೊತ್ತಿತ್ತು.

ಕೋವಿಡ್ ಬಂದ ವರ್ಷವಿಡೀ ಆಂಟಿ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಮರುವರ್ಷ ಇಬ್ಬರಿಗೂ ಲಸಿಕೆಯಾದ ಮೇಲೆ ಅಂಕಲ್ ಒಂದು ಹಳೆಯ ಟ್ರೇಲರ್ ಕೊಂಡರು. ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಇರುವ ಇಪ್ಪತ್ತಾರು ಅಡಿ ಉದ್ದದ ಮನೆ. ಹೋಟೆಲಿನ ಗೊಡವೆಯಿಲ್ಲದೆ ಹೆಂಡತಿಗೆ ಸಮುದ್ರ ತೋರಿಸಬೇಕೆಂಬುದು ಅವರ ಆಸೆ. ಅದರ ಛಾವಣಿಯ ಎಸಿ ಕೆಟ್ಟಿತ್ತು. ಹೊಸದು ಎಷ್ಟು ದೊಡ್ಡದಿರಬೇಕೆಂದು ನನಗೆ ಫೋನ್ ಮಾಡಿದರು. ಕೇಳಿದ್ದು ಸಹಜ — ಗೈದರ್ಸ್‌ಬರ್ಗ್‌ನಲ್ಲಿ ಲ್ಯಾಬ್ ಕಟ್ಟಡಗಳಿಗೆ ಎಷ್ಟು ತಂಪು ಬೇಕೆಂದು ಲೆಕ್ಕ ಹಾಕುವುದೇ ನನ್ನ ಉದ್ಯೋಗ.

ಒಂದು ಸಲ ಬಂದು ನೋಡು ಎಂದರು. ನಾನು ಎರಡು ಮೀಟಿಂಗ್‌ಗಳ ನಡುವೆ ಇದ್ದೆ. ಉದ್ದ ಎಷ್ಟೆಂದು ಮಾತ್ರ ಕೇಳಿದೆ. ಕಿಟಕಿ ಎಷ್ಟಿವೆ, ಗೋಡೆ ಎಷ್ಟು ದಪ್ಪ, ಯಾವ ಊರಿಗೆ ಹೋಗುತ್ತೀರಿ — ಒಂದನ್ನೂ ಕೇಳಲಿಲ್ಲ. ಅಂಗಡಿಯವನು ತಂಪು ಮಾಡುವ ಶಕ್ತಿ ಹದಿನೈದು ಸಾವಿರ ಬಿಟಿಯು ಇರುವುದನ್ನೇ ಹಾಕಿಸಿ ಎಂದಿದ್ದನಂತೆ.

"ಅವರು ದೊಡ್ಡದನ್ನೇ ಮಾರೋಕೆ ನೋಡ್ತಾರೆ ಅಂಕಲ್," ಅಂದೆ. "ದೊಡ್ಡದು ಹಾಕಿದ್ರೆ ಬೇಗ ತಣ್ಣಗಾಗಿ ಆಫ್ ಆಗ್ಬಿಡತ್ತೆ, ತೇವ ಹೋಗಲ್ಲ. ನಿಮಗೆ ಹನ್ನೊಂದು ಸಾವಿರ ಸಾಕು."

ಆ ಮಾತು ಸುಳ್ಳಲ್ಲ. ಅಳತೆಗೆ ಮೀರಿದ ಎಸಿ ಹಾಗೇ ಮಾಡುತ್ತದೆ. ಆದರೆ ಅಳತೆಯನ್ನೇ ತೆಗೆದುಕೊಳ್ಳದವನು ಆಡಬಹುದಾದ ಮಾತಲ್ಲ ಅದು.

ಜೂನ್‌ನಲ್ಲಿ ಟ್ರೇಲರ್ ನೋಡಲು ನಮ್ಮನ್ನೆಲ್ಲ ಕರೆದರು. ಆಂಟಿ ಬಾಗಿಲಲ್ಲೇ ಕುಳಿತು ಕೋಡುಬಳೆ ಹಂಚುತ್ತಿದ್ದರು. ಅಂಕಲ್ ಬಂದವರಿಗೆಲ್ಲ ಛಾವಣಿ ತೋರಿಸಿ, ಮಧು ಹೇಳಿದ ಎಸಿ ಇದು, ಅವನು ಹೇಳಿದ ಮೇಲೆ ಮುಗಿಯಿತು ಎನ್ನುತ್ತಿದ್ದರು. ನಾನು ಒಳಗೆ ಹೋದೆ. ಒಂದು ಪಕ್ಕದ ತುಂಬ ಅಗಲವಾದ ಕಿಟಕಿಗಳು, ನೆತ್ತಿಯ ಮೇಲೆ ಗಾಜು, ಬಡಿದರೆ ಡಬಡಬ ಎನ್ನುವ ತೆಳು ಛಾವಣಿ. ಮನೆಗೆ ಬಂದು ಲೆಕ್ಕ ಹಾಕಿದೆ. ಅವರು ಹೋಗಲಿದ್ದ ದಕ್ಷಿಣದ ಜುಲೈ ಬಿಸಿಲಿಗೆ ಹನ್ನೊಂದು ಸಾವಿರ ಸಾಲದು. ಅಂಗಡಿಯವನು ಹೇಳಿದ್ದೇ ಸರಿ. ಅವರು ಹೊರಡಲು ಇನ್ನೂ ಮೂರು ವಾರವಿತ್ತು. ಬದಲಾಯಿಸಲು ಒಂದು ದಿನ ಸಾಕಿತ್ತು. ಫೋನ್ ಕೈಗೆತ್ತಿಕೊಂಡೆ — ಕೆಳಗಿಟ್ಟೆ. ಅಷ್ಟು ಜನರ ಮುಂದೆ ನನ್ನ ಹೆಸರು ಹೇಳಿದ್ದರಲ್ಲ... ಸಮುದ್ರದ ಪಕ್ಕ ಗಾಳಿ ಇರುತ್ತದೆ ಎಂದುಕೊಂಡೆ.

ಸೌತ್ ಕೆರೊಲೈನಾದ ಕಡಲತೀರದ ಕ್ಯಾಂಪ್‌ನಲ್ಲಿ, ಆಂಟಿಗೆ ಮಲಗಿದಲ್ಲಿಂದಲೇ ನೀರು ಕಾಣಲೆಂದು ಅಂಕಲ್ ಒಂದೂ ಮರವಿಲ್ಲದ ಜಾಗ ಆರಿಸಿದ್ದರು. ಮೂರನೆಯ ದಿನ ಮಧ್ಯಾಹ್ನ ಎಸಿ ಒಂದು ಕ್ಷಣವೂ ನಿಲ್ಲದೆ ಓಡುತ್ತಿದ್ದರೂ ಒಳಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಅಂಕಲ್ ಐಸ್ ತರಲು ಹೋದರು. ಬಚ್ಚಲಿಗೆಂದು ಎದ್ದ ಆಂಟಿಯ ಕಾಲು ಸೋತಿತು. ಅಂಕಲ್ ಬರುವ ಹೊತ್ತಿಗೆ ಅವರು ಬಚ್ಚಲ ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದರು.

ಆಪರೇಷನ್ ಆಗಿ ಅವರನ್ನು ಇಲ್ಲಿಗೆ ಕರೆತಂದ ಮೇಲೆ ಆಸ್ಪತ್ರೆಗೆ ಹೋದೆ. ಶಾರ್ಲೆಟ್‌ನಿಂದ ಬಂದಿದ್ದ ಅವರ ಒಬ್ಬಳೇ ಮಗಳು ಚೈತ್ರಾ ಕಾರಿಡಾರ್‌ನಲ್ಲಿ ಅಪ್ಪನ ಪಕ್ಕ ನಿಂತಿದ್ದಳು. ಅಂಕಲ್ ನನ್ನ ಕೈ ಹಿಡಿದುಕೊಂಡರು.

"ಎಸಿ ಸರಿಯಾಗೇ ಇತ್ತಲ್ಲಪ್ಪ? ನಾನು ಬಿಸಿಲಲ್ಲಿ ಪಾರ್ಕ್ ಮಾಡಿದ್ದೇ ತಪ್ಪಾಯ್ತು, ಅಲ್ವಾ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಹೇಳಿದ್ದು ಇದು: "ಹೌದು ಅಂಕಲ್. ನೆರಳಲ್ಲಿ ನಿಲ್ಲಿಸಿದ್ರೆ ಹೀಗಾಗ್ತಿರ್ಲಿಲ್ಲ."

ಚೈತ್ರಾ ಅಪ್ಪನ ಕಡೆ ತಿರುಗಿದಳು. "ಅಮ್ಮಂಗೆ ಹೀಟ್ ಆಗಲ್ಲ ಅಂತ ಗೊತ್ತಿತ್ತಲ್ಲ, ಅಪ್ಪ," ಎಂದಳು ಮೆಲ್ಲಗೆ. ಅಂಕಲ್ ತಲೆ ತಗ್ಗಿಸಿದರು.

ಆಂಟಿ ಒಂದೂವರೆ ವರ್ಷ ಹಾಸಿಗೆಯಲ್ಲಿದ್ದರು. ನೋಡಲು ಹೋದಾಗಲೆಲ್ಲ ಊಟ ಆಯಿತಾ ಎಂದು ನನ್ನನ್ನೇ ಕೇಳುತ್ತಿದ್ದರು. ಒಂದು ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ಹೋಗಿಬಿಟ್ಟರು.

ಈ ವರ್ಷ ಅವರ ತಿಥಿಗೆ ಚೈತ್ರಾ ಬರಲಿಲ್ಲ. ಬಡಿಸುತ್ತಿದ್ದ ನೆಂಟರೊಬ್ಬರು ಕೇಳಿದಾಗ, ಅವಳು ತಮ್ಮ ಜೊತೆ ಮಾತು ಕಡಿಮೆ ಮಾಡಿ ಬಹಳ ದಿನವಾಯಿತು ಎಂದರು ಅಂಕಲ್, ಯಾವ ದೂರೂ ಇಲ್ಲದ ದನಿಯಲ್ಲಿ. ಎಲ್ಲರೂ ಹೋಗುವವರೆಗೆ ಕಾದು, ಅವರ ಎದುರು ಕುಳಿತು ಎಲ್ಲವನ್ನೂ ಹೇಳಿದೆ — ಫೋನಿನ ಮಾತು, ಜೂನ್ ತಿಂಗಳ ಲೆಕ್ಕ, ಕೆಳಗಿಟ್ಟ ಫೋನ್, ಆಸ್ಪತ್ರೆಯಲ್ಲಿ ಆಡಿದ್ದು.

ಅವರು ಬೈಯಲಿಲ್ಲ. ಬೈದಿದ್ದರೆ... "ದಿನಾ ಅವಳಿಗೆ ಸ್ನಾನ ಮಾಡಿಸುವಾಗ ಕ್ಷಮಿಸು ಅಂತಿದ್ದೆ ಕಣೋ ನಾನು," ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಚೈತ್ರಂಗೆ ನೀನೇ ಹೇಳು. ನಾನು ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ನೋಡ್ತಿದಾರೆ ಅಂದ್ಕೋತಾಳೆ," ಎಂದು ಎದ್ದು ಒಳಗೆ ಹೋದರು. ಬಾಗಿಲವರೆಗೆ ಬಂದು ಕಳಿಸಿಕೊಡುವುದು ಅವರ ವಾಡಿಕೆ. ಅಂದು ಬರಲಿಲ್ಲ.

ಶನಿವಾರ ಶಾರ್ಲೆಟ್‌ಗೆ ಹೊರಟಿದ್ದೇನೆ. ಏಳು ಗಂಟೆಯ ದಾರಿ. ಅವಳು ಬಾಗಿಲು ತೆಗೆದರೆ, ಕುಳಿತುಕೋ ಎನ್ನುವ ಮೊದಲೇ ಹೇಳಬೇಕು — ಕುಳಿತರೆ ಮತ್ತೆ ನನಗೆ ಧೈರ್ಯ ಸಾಲದು.